ಪುಟ್ಟಿಯ ಮದುವೆಗೆ ಇಡಬೇಡ

ಲೊಗ್ರೊನ್ಯೊ, ಸ್ಪೇನ್

ಅಣ್ಣಾ, ಅಪ್ಪ-ಅವ್ವಗೆ ಶರಣು ಹೇಳು.

ವೈನ್ ಬಾಟಲಿ ಎರಡೇ ಕಳಿಸುತ್ತಿದ್ದೇನೆ. ವಿಮಾನದಲ್ಲಿ ಬರುವವರು ಒಬ್ಬೊಬ್ಬರು ಸುಂಕವಿಲ್ಲದೆ ಭಾರತಕ್ಕೆ ತರಬಹುದಾದ್ದು 2 ಲೀಟರ್. ಬಾಟಲಿಗೆ 750 ಮಿ.ಲೀ. ಇರುವುದರಿಂದ ಮೂರನೆಯದು ಹಿಡಿಸುವುದಿಲ್ಲ. ಪುಟ್ಟಿಯ ಮದುವೆಗೆ ಎತ್ತಿಡುತ್ತೇನೆ ಅಂದೆಯಲ್ಲ, ಅದೊಂದು ಬೇಡ. ಅವಳಿನ್ನೂ ಆರನೇ ಕ್ಲಾಸು!

ಇಲ್ಲಿಯ ರಿಯೋಹಾ ಪ್ರಾಂತ್ಯದ ವೈನ್ ಇದು, ಬಾಟಲಿಯ ಹಿಂದೆ ಅಂಚೆಚೀಟಿಯಂಥ ಸಣ್ಣ ಚೀಟಿ ಇದೆ, ಅದರ ಬಣ್ಣ ನೋಡು. ಹಸಿರು ಇದ್ದರೆ ಹೆಚ್ಚಾಗಿ ಎಳೇ ವೈನು, ತಂದ ವರ್ಷವೇ ಕುಡಿಯುವಂಥದ್ದು. ಕೆಂಪು ಅಂದರೆ ಕ್ರಿಯಾನ್ಸಾ: ಮಾರುವ ಮೊದಲೇ 2 ವರ್ಷ ಮಾಗಿಸಿರುತ್ತಾರೆ, ಅದರಲ್ಲಿ ಕನಿಷ್ಠ 1 ವರ್ಷ ಓಕ್ ಪೀಪಾಯಿಯಲ್ಲಿ. ರೆಸೆರ್ವಾಕ್ಕೆ 3, ನೀಲಿ ಚೀಟಿಯ ಗ್ರಾನ್ ರೆಸೆರ್ವಾಕ್ಕೆ 5 ವರ್ಷ. ನಿನಗೆ ಬರುತ್ತಿರುವುದು ಒಂದು ಹಸಿರು, ಒಂದು ಕೆಂಪು. ಕಾಯುವ ಕೆಲಸವನ್ನು ವೈನ್ ಮಾಡಿದವರೇ ಮುಗಿಸಿದ್ದಾರೆ.

ಇಟ್ಟರೆ ಏನಾಗುತ್ತದೆ ಅಂದರೆ, ಎಳೇ ನೇರಳೆ ತಿಂದಾಗ ನಾಲಿಗೆ ಹಿಡಿಯುತ್ತದಲ್ಲ, ವೈನಿನಲ್ಲೂ ಇರುವ ಆ ಒಗರಿನ ಕಣಗಳು ವರ್ಷಗಳಲ್ಲಿ ಒಂದಕ್ಕೊಂದು ಕೂಡಿಕೊಂಡು ಮೆತ್ತಗಾಗುತ್ತವೆ, ಸ್ವಲ್ಪ ತಳಕ್ಕೂ ಇಳಿಯುತ್ತವೆ. ಜೊತೆಜೊತೆಗೇ ಹಣ್ಣಿನ ವಾಸನೆಯೂ ಕಡಿಮೆಯಾಗುತ್ತಾ ಹೋಗುತ್ತದೆ. ಒಗರು, ಹುಳಿ ಎರಡೂ ಗಟ್ಟಿಯಾಗಿರುವ ವೈನಿಗೆ ಇದು ಲಾಭ. 10 ಯೂರೋದ ಬಾಟಲಿಯಲ್ಲಿ ಹಣ್ಣು ಹೋದ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ಕ್ರಿಯಾನ್ಸಾ ಇಲ್ಲಿಯ ತಂಪಿನಲ್ಲಿ ಕೊಯ್ಲಿನ ವರ್ಷದಿಂದ 5-8 ವರ್ಷ ಚೆನ್ನಾಗಿರುತ್ತದೆ. ಕೊಪ್ಪಳಕ್ಕೆ ಆ ಲೆಕ್ಕ ನಡೆಯುವುದಿಲ್ಲ.

ಹಳೇ ಹಗೇವಿನಲ್ಲಿ ಇಟ್ಟರೆ ಅಂತ ಅಪ್ಪ ಕೇಳಿದ್ದರು. ಯೋಚನೆ ಸರಿಯೇ, ಇಲ್ಲಿಯವರೂ ನೆಲದಡಿಯೇ ಇಡುವುದು. ಆದರೆ ನೆಲದ ಆಳದ ಬಿಸಿ ಆ ಊರಿನ ವರ್ಷದ ಸರಾಸರಿಗೆ ಹತ್ತಿರ ಇರುತ್ತದೆ. ಇಲ್ಲಿ ಅದು 14 ಡಿಗ್ರಿಯ ಆಸುಪಾಸು, ವೈನಿಗೆ ಬೇಕಾದ್ದೂ 12-14. ನಮ್ಮಲ್ಲಿ 26-27. ಜೋಳಕ್ಕೆ ಸಾಕು, ವೈನಿಗೆ ಸಾಲದು. ಇನ್ನು ಅಟ್ಟ, ಅಲ್ಮೇರಾ, ಅಡುಗೆಮನೆ ಕಪಾಟು: ಏಪ್ರಿಲ್‌ನಲ್ಲಿ 40 ದಾಟಿದಾಗ ಒಳಗಿನ ವೈನ್ ಹಿಗ್ಗಿ ಬೂಚನ್ನು ಮೇಲಕ್ಕೆ ತಳ್ಳುತ್ತದೆ, ರಾತ್ರಿ ತಣಿದಾಗ ಗಾಳಿ ಒಳಗೆಳೆಯುತ್ತದೆ. ಬೂಚು ಬಾಯಿಗಿಂತ ಎದ್ದು ನಿಂತಿದ್ದರೆ, ಕತ್ತಿನ ಮೇಲೆ ಅಂಟಂಟು ಕಲೆ ಇದ್ದರೆ ಕೆಟ್ಟಿರುವ ಸಂಭವ ಹೆಚ್ಚು. ಕುದಿಸಿದ ಜಾಮಿನ ವಾಸನೆ ಬಂದರೆ ಅನುಮಾನವೇ ಬೇಡ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಅದು ಬೂಚಿನ ದೋಷ, ನಿನ್ನ ತಪ್ಪಲ್ಲ.

ಆದ್ದರಿಂದ ಹಸಿರನ್ನು ಈ ತಿಂಗಳೇ ತೆಗೆ. ಕೆಂಪನ್ನು ಪೇಪರ್ ಸುತ್ತಿ ಫ್ರಿಜ್ಜಿನ ತಳದ ತರಕಾರಿ ಡಬ್ಬಿಯಲ್ಲಿ ಅಡ್ಡ ಮಲಗಿಸು, ಬೂಚು ಒಣಗಬಾರದು. ಬಾಗಿಲಲ್ಲಿ ಬೇಡ, ತೆಗೆದು ಹಾಕಿದಾಗೆಲ್ಲ ಅಲುಗಿ ಬಿಸಿಯಾಗುತ್ತದೆ. ಹೀಗೆ ಯುಗಾದಿವರೆಗೆ ಧೈರ್ಯವಾಗಿ ಇಡಬಹುದು, ಅದರಾಚೆ ಆಸೆ ಬೇಡ. ಕರೆಂಟಿನ ವಿಷಯ ನಿನಗೇ ಗೊತ್ತು.

ತೆಗೆಯುವ ಹಿಂದಿನ ದಿನ ಫ್ರಿಜ್ಜಿನಲ್ಲೇ ನೆಟ್ಟಗೆ ನಿಲ್ಲಿಸು, ಗಸಿ ತಳಕ್ಕೆ ಕೂರಲಿ. ಕುಡಿಯುವ 20-25 ನಿಮಿಷ ಮೊದಲು ಹೊರಗಿಡು. 16-18 ಡಿಗ್ರಿ ಸಾಕು. ನಮ್ಮ ಮನೆಯ 35ರಲ್ಲಿ ಬರೀ ಸ್ಪಿರಿಟ್ಟಿನ ಘಾಟು ಹೊಡೆಯುತ್ತದೆ. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ವಾಲಿಸಿ ಅಂಚು ನೋಡು: ನೇರಳೆ ಇದ್ದರೆ ಇನ್ನೂ ಎಳೇದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಮಾಗಿದೆ. ಅರ್ಧ ಉಳಿಸಿ, ಬೂಚು ಹಾಕಿ, ಮರುದಿನ ಮತ್ತೆ ರುಚಿ ನೋಡು. ನಿನ್ನೆಗಿಂತ ಚೆನ್ನಾಗಿದ್ದರೆ ಆ ಮಾಲು ಇನ್ನೊಂದೆರಡು ವರ್ಷ ತಾಳುತ್ತಿತ್ತು ಅಂತ ತಿಳಿ. ಸಪ್ಪೆಯಾಗಿದ್ದರೆ ಸರಿಯಾದ ಹೊತ್ತಿಗೇ ತೆಗೆದಿದ್ದೀ. ನನಗೆ ಬರೆದು ತಿಳಿಸು, ಮುಂದಿನ ಸಲ ಯಾವುದು ಕಳಿಸಬೇಕೆಂದು ಗೊತ್ತಾಗುತ್ತದೆ.

ಮೊಳೆ ಹಾಕಿ ಬೂಚನ್ನು ಒಳಗೆ ತಳ್ಳಬೇಡ ಮಾರಾಯ. ತಿರುಪು ಕಳಿಸಿದ್ದೇನೆ, ಬಾಟಲಿಗೆ ಸುತ್ತಿದ ಟವೆಲ್ಲಿನಲ್ಲಿದೆ.

ನಿನ್ನ ತಮ್ಮ