ಟೈಲ್ಸ್‌ಗೆ ಮೊದಲು ನೀರು ನಿಲ್ಲಿಸಿ ನೋಡಿ ಎಂದ ಅಣ್ಣನಿಗೆ

ಗೃಹಪ್ರವೇಶದ ಗಡಿಬಿಡಿಯಲ್ಲಿ ಬಚ್ಚಲಿಗೆ ಟೈಲ್ಸ್ ಹಾಕಿಸಲು ಹೊರಟಿದ್ದ ನಮ್ಮನ್ನು ತಡೆದು, ಹೆಸರೂ ಹೇಳದೆ ಹೋದ ಪ್ಲಂಬರ್ ಅಣ್ಣನಿಗೆ ನಮಸ್ಕಾರ.

ನೀವು ಹೇಳಿದಂತೆ ಪೈಪಿನ ಬಾಯಿಗೆ ಬಟ್ಟೆ ತುರುಕಿ, ತಗ್ಗು ಸ್ಲ್ಯಾಬಿನಲ್ಲಿ (ಬಚ್ಚಲಿಗೆಂದು ತಗ್ಗಿಸಿ ಹಾಕಿದ ಕಾಂಕ್ರೀಟು ನೆಲ) ಎರಡು ಇಂಚು ನೀರು 48 ಗಂಟೆ ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದದ್ದಾಯಿತು. ಕೆಳಗಿನ ಕೋಣೆಯ ಸೀಲಿಂಗಿನಲ್ಲಿ, ಪೈಪಿನ ಸುತ್ತ ತೇವದ ಉಂಗುರ! ಸೋರುತ್ತಿದ್ದದ್ದು ಸ್ಲ್ಯಾಬ್ ಅಲ್ಲ, ಪೈಪಿನ ಸುತ್ತಲಿನ ಸಂದು; ನುಣುಪು ಪಿವಿಸಿ ಪೈಪಿಗೆ ಸಿಮೆಂಟು ಸರಿಯಾಗಿ ಕಚ್ಚುವುದಿಲ್ಲ. (ಮೇಸ್ತ್ರಿ ಮಾತ್ರ ಇನ್ನೂ ಒಪ್ಪಿಲ್ಲ.) ಸುತ್ತ ಒಂದಿಂಚು ಕೆತ್ತಿ, ಒಣಗಿದರೂ ಕುಗ್ಗದ ಗ್ರೌಟ್ (ಸಂದು ತುಂಬುವ ಸಿಮೆಂಟು ಮಿಶ್ರಣ) ತುಂಬಿ, ಮೂಲೆಗಳನ್ನು ಗಾರೆಯಿಂದ ದುಂಡಾಗಿಸಿ, ವಾಟರ್‌ಪ್ರೂಫಿಂಗ್ ಎರಡು ಕೋಟು ಬಳಿಸಿದೆವು: ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ, ಗೋಡೆಗೂ ಒಂದಡಿ ಏರಿಸಿ. ಒಣಗಿದ ಮೇಲೆ ಮತ್ತೆ 48 ಗಂಟೆ ನೀರು. ನೀರು ಗೆರೆಯಿಂದ ಇಳಿಯಲಿಲ್ಲ.

ಟೈಲ್ಸ್ ಇಳಿಜಾರು ನಾಲ್ಕಡಿಗೆ ಸರಿಯಾಗಿ ಅರ್ಧ ಇಂಚು ಇದೆ ಅಣ್ಣ, ಬಂದು ನೋಡಿ. ಊಟ ಬಾಕಿಯಿದೆ.