ಕೊಟ್ಟಿಗೆಹಾರದಲ್ಲಿ ಸಿಕ್ಕ ಅಣ್ಣನಿಗೆ

ಚಾರ್ಮಾಡಿ ಘಾಟಿ ಹತ್ತುವಾಗ ನಮ್ಮ ಪೆಟ್ರೋಲ್ ಕಾರು ಜಗ್ಗಿ ಜಗ್ಗಿ ಹೋಗುತ್ತಿತ್ತು. ಇಂಜಿನ್ ದೀಪ ಬೇರೆ ಮಿಣುಕುತ್ತಿತ್ತು. ಕೊಟ್ಟಿಗೆಹಾರದ ನೀರುದೋಸೆ ಹೋಟೆಲ್ ಮುಂದೆ ಬಾನೆಟ್ ಎತ್ತಿ ಸುಮ್ನೆ ನಿಂತಿದ್ದೆ. ಪಕ್ಕದ ಜೀಪಿನಿಂದ ನೀವು ಇಳಿದು ಬಂದಿರಿ.

ಇಂಜಿನ್ ಓಡುತ್ತಿರುವಾಗಲೇ, ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಒಂದೊಂದಾಗಿ ಕಳಚಿದಿರಿ. ಮೂರನೆಯದು ಕಳಚಿದರೂ ಸದ್ದು ಬದಲಾಗಲಿಲ್ಲ. "ಇದು ಕೆಲಸವೇ ಮಾಡ್ತಿಲ್ಲ, ನೋಡಿ." ಆಫ್ ಮಾಡಿಸಿ, ಆ ಕಾಯಿಲನ್ನು ಎರಡನೆಯದರ ಜಾಗಕ್ಕೆ ಹಾಕಿದಿರಿ. ತೊಂದರೆಯೂ ಅಲ್ಲಿಗೇ ಹೋಯಿತು! ಅಂದರೆ ಪ್ಲಗ್ ಅಲ್ಲ, ಕಾಯಿಲೇ. (ನಮ್ಮೂರಿನ ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪನ್ನೇ ಬದಲಿಸಬೇಕು ಅಂದಿದ್ದರು.)

"ಆಕ್ಸಿಲರೇಟರ್ ಜಾಸ್ತಿ ಒತ್ತಬೇಡಿ, ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರ್ ಕಡೆ ಹೊಗೆ ಶುದ್ಧ ಮಾಡೋ ಕನ್ವರ್ಟರ್ ಹಾಳಾಗುತ್ತೆ" ಅಂದಿರಿ. ನಿಧಾನಕ್ಕೆ ಮೂಡಿಗೆರೆ ಮುಟ್ಟಿ ಹೊಸ ಕಾಯಿಲ್ ಹಾಕಿಸಿದೆ. ಈಗ ಜಗ್ಗುವುದೇ ಇಲ್ಲ.

ದುಡ್ಡು ಬೇಡ ಅಂದಿರಿ, ಒಂದು ಕಾಫಿಗೂ ನಿಲ್ಲಲಿಲ್ಲ. ಹೆಸರು ಕೇಳುವುದೂ ಮರೆತೆ. ತುಂಬಾ ಥ್ಯಾಂಕ್ಸ್ ಅಣ್ಣಾ.