ತೂಕದ ನಂಬರ್ ಒದರಿ ಹೇಳಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ ರೀ,

ನಾನು ಗಂಗಾವತಿಯಾಗ ಬಿ.ಕಾಂ ಲಾಸ್ಟ್ ಇಯರ್ ಓದಾಕತ್ತೀನಿ. ಫಸ್ಟ್ ಇಯರ್ ಇದ್ದಾಗ ನಮ್ಮ ಕಾಲೇಜಿನ್ಯಾಗ ಹೆಲ್ತ್ ಕ್ಯಾಂಪ್ ಇಟ್ಟಿದ್ರು. ತೂಕದ ಮಷಿನ್ ಬಾಗಿಲ ಹತ್ರ, ರಿಜಿಸ್ಟರ್ ಬರೆಯೋರು ಸ್ಟೇಜ್ ಕಡೆ, ನಡುವ ಹಾಲ್ ತುಂಬ ಹುಡುಗ್ರು ಹುಡುಗೇರು. ಹಂಗಾಗಿ ತೂಕ ನೋಡೋರು ನಂಬರ್ ಒದರಿ ಹೇಳ್ತಿದ್ರು. ನನ್ನ ಪಾಳಿ ಬಂತು, "ತೊಂಬತ್ನಾಕು!" ಅಂದ್ರು. ನಮ್ಮ ಕಡೆ ನೆಲ್ಲಿನ ಚೀಲ ಅಂದ್ರ 75 ಕೆಜಿ, ಹಿಂದ ನಿಂತಿದ್ದ ಯಾರೋ ಲೆಕ್ಕ ಹಾಕೇಬಿಟ್ಟ, "ಒಂದೂಕಾಲು ಚೀಲ ಲೇ!" ಕಾಮರ್ಸ್ ಹುಡುಗ್ರು ನೋಡ್ರಿ, ಲೆಕ್ಕ ಪಕ್ಕಾ. ಅವತ್ತಿಂದ ನನ್ನ ಹೆಸರು ಒಂದೂಕಾಲು. ವಾಟ್ಸಾಪ್ ಗ್ರೂಪಿನ್ಯಾಗೂ ಅದ, ಹೋಟೆಲ್‌ನ್ಯಾಗ ಒಗ್ಗರಣಿ ಮಿರ್ಚಿ ಹೇಳಿದ್ರ "ಒಂದೂಕಾಲು ಪ್ಲೇಟ್ ಕೊಡ್ರಿ ಇವಂಗ" ಅಂತಾರ.

ನಾನೂ ನಕ್ಕೆ. ಹುಡುಗ್ರು ಬೇಜಾರಾದ್ರ ಇನ್ನೂ ಜಾಸ್ತಿ ಕಾಡ್ತಾರ.

ತೂಕ ಜಾಸ್ತಿ ಐತಿ ಅನ್ನೋದು ಸುಳ್ಳಲ್ಲ ರೀ. ನನ್ನ ಬಿಎಂಐ, ಅಂದ್ರ ಎತ್ತರಕ್ಕ ತೂಕ ಎಷ್ಟು ಅನ್ನೋ ಲೆಕ್ಕ, 32 ದಾಟತೈತಿ, ನಮ್ಮ ದೇಶದ ಡಾಕ್ಟರ್ರು 25ಕ್ಕೇ ಬೊಜ್ಜು ಅಂತ ಬರೀತಾರ. ಆದ್ರ ಆ ಹೆಸರಿನ ಸಿಟ್ಟಿಗೆ ನಾನು ಮಾಡಿದ್ದೇನು ಅಂದ್ರ ಮುಂಜಾನಿ ನಾಷ್ಟಾ ಬಿಟ್ಟೆ, ರಾತ್ರಿ ಊಟ ಬಿಟ್ಟೆ, ಪರಿಚಯದೋರೊಬ್ರು ಗ್ಯಾರಂಟಿ ಅಂತ ಕೊಟ್ಟ ಪೌಡರ್ ಡಬ್ಬಿ ರೊಕ್ಕ ಕೊಟ್ಟು ತಂದೆ, ಆರು ಕೆಜಿ ಇಳೀತು, ಆಮ್ಯಾಲ ರಾತ್ರಿ ಹನ್ನೊಂದಕ್ಕ ಎಲ್ಲಾರೂ ಮಲಗಿದ ಮ್ಯಾಲ ಕತ್ತಲದಾಗ ಬಿಸ್ಕಿಟ್ ಪಾಕೀಟಿನ ಸಪ್ಪಳ ಅವ್ವಗ ಕೇಳಬಾರ್ದಂತ ಹೊದಿಕಿ ಒಳಗ ಹರದು ತಿನ್ನಾಕ ಶುರು ಮಾಡಿದೆ. ದೀಪಾವಳಿ ಹೊತ್ತಿಗೆ ಆರೂ ವಾಪಸ್ ಬಂದ್ವು, ಮ್ಯಾಲ ಎರಡು ಫ್ರೀ.

ಮುಂದಿನ ವರ್ಷ ಕ್ಯಾಂಪ್ ಬಂದಾಗ ಹೊಸಪೇಟಿಗೆ ಮದಿವಿ ಐತಿ ಅಂತ ಸುಳ್ಳು ಹೇಳಿ ತಪ್ಪಿಸ್ಕೊಂಡೆ. ನಮ್ಮ ಕ್ಲಾಸಿನ ಇನ್ನೊಬ್ಬಾಕಿನೂ ಬರಲಿಲ್ಲ. ಆಕಿಗೆ ಹಿಂದಿನ ವರ್ಷ "ಮೂವತ್ತೆಂಟು" ಅಂತ ಒದರಿ, ಗಾಳಿ ಬಂದ್ರ ಹಾರಿ ಹೋಗ್ತಿ ನೋಡವ್ವಾ ಅಂದಿದ್ರು. ನಾವು ತಪ್ಪಿಸ್ಕೊಂಡ ಕ್ಯಾಂಪಿನ್ಯಾಗ ಹಿಮೋಗ್ಲೋಬಿನ್, ಶುಗರ್, ಬಿಪಿ ಎಲ್ಲಾ ಚೆಕ್ ಇತ್ತು. ಆಕಿದು ಏನಾತೋ, ನನ್ನ ಬಿಪಿ 150/100 ಐತಿ ಅಂತ ಗೊತ್ತಾಗಿದ್ದು ಒಂದು ವರ್ಷ ತಡವಾಗಿ, ಜ್ವರ ಅಂತ ಸರಕಾರಿ ದವಾಖಾನಿಗೆ ಹೋದಾಗ. ಅಲ್ಲಿ ಡಾಕ್ಟರ್ ಮೇಡಂ ಪರದೆ ಎಳದು, ತೂಕ ನೋಡಿ, ಬಾಯಾಗ ಏನೂ ಅನ್ನದ ಚೀಟಿ ಮ್ಯಾಲ ಬರದು ನನ್ನ ಕಡೆ ತಿರುಗಿಸಿದ್ರು. ಮೊದಲು ಕೇಳಿದ್ದು, ರಾತ್ರಿ ಎಷ್ಟೊತ್ತಿಗೆ ಮಲಗ್ತಿ ಅಂತ. ಯಾಕೋ ಬಿಸ್ಕಿಟ್ ವಿಷಯ ಅವ್ರ ಮುಂದ ಹೇಳಿಬಿಟ್ಟೆ, ಮನಿಯಾಗ ಇನ್ನೂ ಹೇಳಿಲ್ಲ.

2025ರ ಫೆಬ್ರವರಿ ಮನ್ ಕಿ ಬಾತ್‌ನ್ಯಾಗ ಪ್ರಧಾನಿಯವ್ರು ಎಣ್ಣಿ 10 ಪರ್ಸೆಂಟ್ ಕಡಿಮಿ ಬಳಸ್ರಿ ಅಂದಿದ್ರಲ್ಲ, ಅದನ್ನ ನನಗ ಬುದ್ಧಿ ಹೇಳಿದೋರೆಲ್ಲ ಕೈಯಾಗ ಮಿರ್ಚಿ ಹಿಡ್ಕೊಂಡೇ ಹೇಳಿದ್ರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಾಗ ದೊಡ್ಡೋರು ನಾಲ್ಕು ಮಂದ್ಯಾಗ ಹತ್ತತ್ರ ಒಬ್ರಿಗೆ ತೂಕ ಜಾಸ್ತಿ ಐತಿ. ಅಷ್ಟು ಮಂದಿ ಒಮ್ಮೆಲೇ ಸೋಮಾರಿ ಆದ್ರೇನು? ನಮ್ಮ ಅಜ್ಜ ಜೋಳದ ರೊಟ್ಟಿ ತಿಂದು ದಿನಾ ಹೊಲಕ್ಕ ನಡಕೊಂಡು ಹೋಗ್ತಿದ್ದ. ತುಂಗಭದ್ರಾ ಕಾಲುವಿ ನೀರು ಬಂದ ಮ್ಯಾಲ ನಮ್ಮನಿಯಾಗ ಎರಡೂ ಹೊತ್ತು ಅನ್ನ, ಈಗ ನೆಲ್ಲು ಕೊಯ್ಯಾಕೂ ಮಷಿನ್, ನಾನಂತೂ ಕಾಲೇಜಿಗೆ ಬೈಕ್. ಥೈರಾಯ್ಡ್, ಪಿಸಿಓಡಿ (ಅಂಡಾಶಯದ ತೊಂದ್ರಿ) ಇಂದ ತೂಕ ಏರಿದ ಹುಡುಗೇರದ್ದು ಬ್ಯಾರೆನೇ ಕತಿ, ಅವ್ರನ್ನ ನೋಡಾಕ ಬಂದ ಮಂದಿ ಆಡೋ ಮಾತು ಬರದ್ರ ನೀವು ಹಾಕಂಗಿಲ್ಲ.

ಈ ವರ್ಷದ ಕ್ಯಾಂಪ್ ಬರೋ ತಿಂಗಳು ಐತಿ. ಪರದೆಗೆ ರೊಕ್ಕ ಇಲ್ಲಂದ್ರ ಬಿಡ್ರಿ, ರಿಜಿಸ್ಟರ್ ಬರೆಯೋರ ಕುರ್ಚಿ ತೂಕದ ಮಷಿನ್ ಪಕ್ಕಕ್ಕ ಎಳದು ಹಾಕ್ರಿ. ನಾನು ಬರ್ತೀನಿ, ಆಕಿನೂ ಬರ್ತೀನಿ ಅಂದಾಳ.

ಒಬ್ಬ ಬಿ.ಕಾಂ ವಿದ್ಯಾರ್ಥಿ,
ಗಂಗಾವತಿ, ಕೊಪ್ಪಳ ಜಿಲ್ಲೆ